ಮೂವತ್ತೊಂದನೆಯ ಎಲೆ

ಅಚ್ಯುತ ಎಂಬ ಶಿಷ್ಯ ಗುರುಗಳ ಮುಂದೆ ನಿಂತು ಕೇಳಿದ: "ಗುರುಗಳೇ, ನಾಳೆ ಬೆಳಿಗ್ಗೆ ಹೊರಡುತ್ತೇನೆ. ಒಂದು ವರ್ಷ ಯಾರ ಮುಂದೆಯೂ ಕೈಚಾಚದೆ ಇರಲು ಬೇಕಾದದ್ದನ್ನೆಲ್ಲ ಕಟ್ಟಿಕೊಂಡಿದ್ದೇನೆ. ಏನನ್ನಾದರೂ ಮರೆತಿದ್ದೇನೆಯೇ?"

ಆ ಆಶ್ರಮದಲ್ಲಿ ಒಂದು ಕ್ರಮವಿತ್ತು. ಹನ್ನೆರಡು ವರ್ಷ ಓದಿದವನು ಒಂದು ವರ್ಷ ಕಾಲ್ನಡಿಗೆಯಲ್ಲಿ ಊರೂರು ತಿರುಗಿ ಬರಬೇಕು. ಅಚ್ಯುತ ಒಳ್ಳೆಯ ಶಿಷ್ಯ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಇನ್ನಷ್ಟು ಅನ್ನ ಬಡಿಸಿ ಎಂದು ಕೇಳಿದವನಲ್ಲ. ಜ್ವರ ಬಂದಾಗಲೂ ತನ್ನ ನೀರನ್ನು ತಾನೇ ಸೇದಿಕೊಂಡಿದ್ದ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಗುರುಗಳು ಗಂಟನ್ನು ಬಿಚ್ಚಿಸಿ ನೋಡಿದರು. ಹೊದಿಕೆ, ಸೂಜಿ ದಾರ, ಹುರಿಹಿಟ್ಟು, ಒಂದು ಸಣ್ಣ ಪಾತ್ರೆ, ಚಕಮಕಿ ಕಲ್ಲು, ಹೊಟ್ಟೆನೋವಿಗೆ ಒಂದು ಪುಡಿ, ತಲೆನೋವಿಗೆ ಇನ್ನೊಂದು ಪುಡಿ ಇದ್ದವು. ಒಂದು ತೆಂಗಿನ ಕರಟದ ತುಂಬ ಉಪ್ಪಿತ್ತು. ಅದರ ಬಾಯಿಗೆ ಬಟ್ಟೆ ಸುತ್ತಿ ದಾರ ಬಿಗಿದಿತ್ತು.

"ಚೆನ್ನಾಗಿ ಕಟ್ಟಿದ್ದೀಯೆ. ಕೂತುಕೋ. ಕಡವೆ ಬೇಟೆಗೆ ಹೋದ ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ" ಎಂದರು.

"ಬೇಟೆಯ ಕತೆಯೇ, ಗುರುಗಳೇ?"

"ಕೇಳಿದರೆ ವ್ರತ ಕೆಡುವುದಿಲ್ಲ. ಕೂತುಕೋ" ಎಂದು ಗುರುಗಳು ಕತೆ ತೆಗೆದರು.

ಬೆಟ್ಟದ ಬುಡದಲ್ಲಿ ಮೂವತ್ತು ಮನೆಗಳ ಒಂದು ಊರು. ಅಲ್ಲಿಗೆ ಬಯಲುಸೀಮೆಯ ಒಬ್ಬ ವ್ಯಾಪಾರಿ ಬಂದು ಅಂಗಡಿ ಇಟ್ಟ. ಹೆಂಡತಿಯನ್ನೂ ಕರೆತಂದ. ಮನೆ ಕಟ್ಟಿದ. ಹತ್ತು ವರ್ಷ ಕಳೆಯಿತು. ಆದರೂ ಊರಿನವರು ತಮ್ಮದು ಮೂವತ್ತು ಮನೆಯ ಊರು ಎಂದೇ ಹೇಳುತ್ತಿದ್ದರು. ಮೂವತ್ತೊಂದು ಎಂದು ಯಾರ ಬಾಯಲ್ಲೂ ಬರಲಿಲ್ಲ. ಅವರಿಗೆ ವ್ಯಾಪಾರಿಯ ಮೇಲೆ ಸಿಟ್ಟೇನೂ ಇರಲಿಲ್ಲ. ಮದುವೆಗೆ ಕರೆಯುತ್ತಿದ್ದರು, ನೆಂಟರ ಸಾಲಿನಲ್ಲಿ ಕೂರಿಸಿ ಉಪಚಾರ ಮಾಡುತ್ತಿದ್ದರು. ಆ ಉಪಚಾರವೇ ವ್ಯಾಪಾರಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಸ್ವಂತ ಊರಿನಲ್ಲಿ ಯಾರಾದರೂ ನೆಂಟನಾಗಿರುತ್ತಾನೆಯೇ?

ಆ ಊರಿನಲ್ಲಿ ಮನೆಗಳನ್ನು ಎಣಿಸುವ ರೀತಿ ಬೇರೆ. ವರ್ಷಕ್ಕೊಮ್ಮೆ, ಚಳಿ ಬೀಳುವ ಹೊತ್ತಿಗೆ, ಮನೆಗೊಬ್ಬನಂತೆ ಗಂಡಸರು ಕಡವೆ ಬೇಟೆಗೆ ಬೆಟ್ಟ ಹತ್ತುತ್ತಿದ್ದರು. ಕಡವೆ ಎಂದರೆ ಜಿಂಕೆಯ ಜಾತಿಯಲ್ಲಿ ದೊಡ್ಡದು, ಎತ್ತಿನಷ್ಟು ಮೈ. ಬೇಟೆ ಸಿಕ್ಕರೆ ಬೆಟ್ಟದ ಮೇಲೆಯೇ ಮೂವತ್ತು ಎಲೆ ಹಾಸಿ ಮಾಂಸವನ್ನು ಸಮನಾಗಿ ಪಾಲು ಮಾಡುತ್ತಿದ್ದರು. ಯಾವ ಮನೆಗೆ ಎಲೆಯ ಪಾಲು ಬರುತ್ತದೋ ಅದು ಊರಿನ ಮನೆ.

ಆ ವರ್ಷ ವ್ಯಾಪಾರಿ ಗಟ್ಟಿ ಮನಸ್ಸು ಮಾಡಿ ಬೇಟೆಯ ಯಜಮಾನನ ಮನೆಗೆ ಹೋದ. ತಾನೂ ಬರುತ್ತೇನೆ ಎಂದ. ಯಜಮಾನ ಮಾತು ಕಡಿಮೆಯ ಮುದುಕ. "ಬನ್ನಿ ಸಾವ್ಕಾರ್ರೆ. ಒಂದು ಕಂಬಳಿ ತನ್ನಿ. ಇನ್ನೊಂದು ಏನಾರ ತನ್ನಿ. ಮೂರು ದಿನದ ಕೆಲಸ" ಎಂದ.

ಒಂದು ಕಂಬಳಿ, ಇನ್ನೊಂದು ಏನಾದರೂ! ಇದನ್ನು ಕೇಳಿ ವ್ಯಾಪಾರಿಗೆ ನಗು ಬಂತು. ಬೆಟ್ಟಕ್ಕೆ ಹೋಗುವವನು ಹೀಗೆಯೇ ಹೋಗುವುದು? ಅವನು ಮನೆಗೆ ಬಂದು ಗಂಟು ಕಟ್ಟಲು ಕೂತ. ಕಂಬಳಿ ಒಂದು, ಅದು ನೆನೆದರೆ ಎಂದು ಇನ್ನೊಂದು. ದೊಡ್ಡ ಮಚ್ಚು, ಸಣ್ಣ ಚೂರಿ, ಅವೆರಡನ್ನೂ ಮಸೆಯುವ ಕಲ್ಲು. ಹಗ್ಗ ಎರಡು ಸುರುಳಿ. ಗಂಜಿ ಬೇಯಿಸಲು ಹಿತ್ತಾಳೆಯ ಪಾತ್ರೆ, ಅದರ ಮುಚ್ಚಳ, ಸೌಟು. ಚಕಮಕಿ ಕಲ್ಲು, ಅದು ಕಿಡಿ ಕೊಡದಿದ್ದರೆ ಎಂದು ಮಡಕೆಯಲ್ಲಿ ಬೂದಿ ಮುಚ್ಚಿದ ಕೆಂಡ. ಮೊಣಕಾಲಿಗೆ ಎಣ್ಣೆ. ಆರು ದಿನಕ್ಕಾಗುವಷ್ಟು ಅಕ್ಕಿ. ಶುಂಠಿ, ಮೆಣಸು, ಬೆಲ್ಲ. ಉಪ್ಪು ಬಹಳ ಮುಖ್ಯ, ಅದನ್ನು ಒಂದೇ ಕಡೆ ಇಡಬಾರದು ಎಂದು ಮೂರು ಪೊಟ್ಟಣ ಮಾಡಿ ಗಂಟಿನ ಮೂರು ಮೂಲೆಯಲ್ಲಿ ಇಟ್ಟ. ಕೊನೆಗೆ, ಪಾಲು ಹಾಕುವಾಗ ಎಲೆ ಸಾಲದೆ ಹೋದರೆ ಎಂದು ತನ್ನ ಹಿತ್ತಲಿನಿಂದ ಒಂದು ಬಾಳೆಯ ಎಲೆಯನ್ನೂ ಕೊಯ್ದು ತಂದ.

ಗಂಟನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದ. ಎರಡು ಮಣಕ್ಕೆ ಮೇಲಾಯಿತು. ಕಡಿಮೆ ಮಾಡಬೇಕೆಂದು ಎಲ್ಲವನ್ನೂ ಹೊರಗೆ ತೆಗೆದ. ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದು ಇಲ್ಲದಿದ್ದರೆ ಏನಾದೀತು ಎಂದು ಯೋಚಿಸಿದ. ಯೋಚಿಸಿದಷ್ಟೂ ಎಲ್ಲವೂ ಬೇಕೇ ಬೇಕು ಎನ್ನಿಸಿತು. ಎಲ್ಲವನ್ನೂ ಮತ್ತೆ ಒಳಗಿಟ್ಟು, ಹಲ್ಲುಪುಡಿಯ ಪೊಟ್ಟಣ ಒಂದನ್ನು ಮಾತ್ರ ಮನೆಯಲ್ಲಿ ಬಿಟ್ಟ.

ಹೆಂಡತಿ ಆ ಗಂಟನ್ನು ನೋಡಿ ಕೇಳಿದಳು: "ಇಷ್ಟೆಲ್ಲ ಯಾಕ್ರೀ?"

"ಬೆಟ್ಟದ ಮೇಲೆ ಅಂಗಡಿ ಇರಲ್ಲ ಕಣೇ. ಅದಿಲ್ಲ ಇದಿಲ್ಲ ಅಂತ ನಾನು ಯಾರನ್ನೂ ಕೇಳಬಾರದು."

"ಅಂಗಡಿ ಇಲ್ದಿದ್ರೆ ಹೋಗ್ಲಿ. ಜನ ಇರ್ತಾರಲ್ಲ" ಎಂದಳು. ವ್ಯಾಪಾರಿ ಹಲ್ಲಿನಿಂದ ಗಂಟು ಬಿಗಿಯುತ್ತಿದ್ದ. ಅದು ಅವನ ಕಿವಿಗೆ ಬೀಳಲಿಲ್ಲ. ಅವನು ಹೊರಡುವ ಮುಂಚೆಯೇ ಅವಳು, ಬರುವ ಪಾಲಿಗೆಂದು, ಮಸಾಲೆ ಅರೆಯುವ ಕಲ್ಲನ್ನು ತೊಳೆದಿಟ್ಟಳು. ಹತ್ತು ವರ್ಷದಿಂದ ಬಾವಿಕಟ್ಟೆಯಲ್ಲಿ ಅವಳನ್ನು ಹೆಂಗಸರು 'ಅಂಗಡಿಯವರು' ಎನ್ನುತ್ತಿದ್ದರೇ ಹೊರತು ಅಕ್ಕ ಎನ್ನುತ್ತಿರಲಿಲ್ಲ. ಎಲೆಯ ಪಾಲು ಅವನಿಗಿಂತ ಅವಳಿಗೇ ಹೆಚ್ಚು ಬೇಕಾಗಿತ್ತು.

ಉಳಿದ ಮೂವತ್ತು ಜನ ಒಂದೊಂದು ಕಂಬಳಿ ಹೊದ್ದು, ಒಂದೊಂದು ವಸ್ತು ಹಿಡಿದು ಬಂದರು. ಒಬ್ಬನ ಹತ್ತಿರ ಮಡಕೆ, ಒಬ್ಬನ ಹತ್ತಿರ ಅಕ್ಕಿ, ಒಬ್ಬನ ಹತ್ತಿರ ಹಗ್ಗ. ಕೇತಣ್ಣ ಎಂಬುವನ ಹತ್ತಿರ ಉಪ್ಪು. ಬೆಟ್ಟ ಹತ್ತುವಾಗ ವ್ಯಾಪಾರಿಯ ಮೈಯಲ್ಲಿ ಬೆವರು ಸುರಿಯಿತು. ಹೊರೆಯನ್ನು ಇತ್ತ ಕೊಡಿ ಎಂದು ನಾಲ್ಕು ಜನ ಕೇಳಿದರು. ಬೇಡ ಬೇಡ ಎಂದ. ಅವನಿಗೆ ಮಾತಾಡುವಷ್ಟು ಉಸಿರು ಇರಲಿಲ್ಲ, ಆದರೆ ಬೇಡ ಎನ್ನುವಷ್ಟು ಇತ್ತು.

ಸಂಜೆ ಬಂಡೆಯ ಮರೆಯಲ್ಲಿ ತಂಗಿದರು. ಬೆಂಕಿ ಎಲ್ಲಪ್ಪಾ, ಮಡಕೆ ತಾರಪ್ಪಾ, ಉಪ್ಪು ಎಲ್ಲಿ ಹೋಯ್ತೋ ಎಂದು ಕೂಗಾಟವೋ ಕೂಗಾಟ. ಒಬ್ಬರ ಕಂಬಳಿಯಲ್ಲಿ ಇನ್ನೊಬ್ಬರ ಕಾಲು. ವ್ಯಾಪಾರಿ ಹತ್ತು ಮಾರು ದೂರದಲ್ಲಿ ತನ್ನ ಬೆಂಕಿ ಹಚ್ಚಿ, ತನ್ನ ಪಾತ್ರೆಯಲ್ಲಿ ತನ್ನ ಗಂಜಿ ಬೇಯಿಸಿಕೊಂಡ. ಅವನು ಜಿಪುಣನೇನೂ ಅಲ್ಲ. ತನ್ನ ಶುಂಠಿ ಬೆಲ್ಲವನ್ನು ಎಲ್ಲರಿಗೂ ಹಂಚಿದ. ಅವರು ಕೈಮುಗಿದು ತೆಗೆದುಕೊಂಡರು, ಅಂಗಡಿಯಲ್ಲಿ ತೆಗೆದುಕೊಳ್ಳುವ ಹಾಗೆಯೇ.

ಎರಡನೆಯ ದಿನ ಹಳ್ಳ ದಾಟುವಾಗ ವ್ಯಾಪಾರಿ ಕಾಲು ಜಾರಿ ಗಂಟಿನ ಸಮೇತ ನೀರಿಗೆ ಬಿದ್ದ. ಎದ್ದು ಬಂದು ಗಂಟು ಬಿಚ್ಚಿ ನೋಡಿದ. ಮಚ್ಚು ಇತ್ತು, ಹಗ್ಗ ಇತ್ತು, ಪಾತ್ರೆ ಇತ್ತು. ಕೆಂಡ ಆರಿತ್ತು, ಆದರೆ ಚಕಮಕಿ ಇತ್ತು. ಉಪ್ಪಿನ ಮೂರು ಪೊಟ್ಟಣಗಳೂ ಕರಗಿ ಹಳ್ಳದ ಪಾಲಾಗಿದ್ದವು. ಮೂರು ಮೂಲೆಯಾದರೇನು, ಗಂಟು ಒಂದೇ ತಾನೆ! ಕೇತಣ್ಣ ಹತ್ತಿರ ಬಂದು ಉಪ್ಪು ನೆನೆಯಿತೇ ಎಂದು ಕೇಳಿದ. ಇಲ್ಲ, ಇದೆ ಎಂದ ವ್ಯಾಪಾರಿ. ಆ ಸಂಜೆ ಸಪ್ಪೆ ಗಂಜಿಯನ್ನು ಎಲ್ಲರಿಗೂ ಕಾಣುವ ಹಾಗೆ ಚಪ್ಪರಿಸಿಕೊಂಡು ಕುಡಿದ.

ಮೂರನೆಯ ದಿನ ಅವನನ್ನು ಒಂದು ಕಣಿವೆಯ ಬಾಯಲ್ಲಿ ನಿಲ್ಲಿಸಿದರು. ಕಡವೆ ಬಂದರೆ ಗದ್ದಲ ಮಾಡಿ ತಿರುಗಿಸಬೇಕು, ಅಷ್ಟೇ ಕೆಲಸ. ಬೆಳಗಿನಿಂದ ಚಳಿಯಲ್ಲಿ ಹಲ್ಲು ಕಟಕಟಿಸುತ್ತ ನಿಂತ. ಕಡವೆ ನೇರ ಅವನ ಮೇಲೆಯೇ ಬಂತು. ಹೆದರಿಕೆಯಲ್ಲಿ ಕೂಗುವುದೇ ಮರೆತುಹೋಯಿತು. ಕೈಗೆ ಸಿಕ್ಕ ಹಿತ್ತಾಳೆಯ ಪಾತ್ರೆಯನ್ನು ಸೌಟಿನಿಂದ ಬಡಿದ. ಅಂಥ ಸದ್ದನ್ನು ಆ ಬೆಟ್ಟ ಎಂದೂ ಕೇಳಿರಲಿಲ್ಲ. ಕಡವೆ ತಿರುಗಿ ಓಡಿ ಯಜಮಾನನ ಕೋವಿಯ ಎದುರಿಗೆ ಸಿಕ್ಕಿತು. ಎಲ್ಲರೂ ವ್ಯಾಪಾರಿಯ ಬೆನ್ನು ತಟ್ಟಿದರು. ಪಾಲು ಖಂಡಿತ ಎಂದು ಅವನಿಗೆ ಅನ್ನಿಸಿತು. ಅನ್ನಿಸಬೇಕಾದದ್ದೇ, ಅಚ್ಯುತ. ಅವನು ಕೆಲಸ ಮಾಡಿದ್ದ.

ಬಂಡೆಯ ಮೇಲೆ ಪಾಲು ಶುರುವಾಯಿತು. ಅಲ್ಲಿಯ ಪದ್ಧತಿ ಹೀಗಿತ್ತು. ಯಾರೂ ತನ್ನ ಎಲೆಯನ್ನು ತಾನೇ ಹಾಸುವಂತಿಲ್ಲ. ಯಜಮಾನ ಒಬ್ಬೊಬ್ಬನನ್ನೇ ತೋರಿಸಿ, ಬೆಟ್ಟದಲ್ಲಿ ಇವನಿಗೆ ಕೊಟ್ಟವರು ಯಾರು ಎಂದು ಕೇಳುತ್ತಾನೆ. ನಾನು ಬೆಂಕಿ ಕೊಟ್ಟೆ ಎಂದವನೋ, ನಾನು ಕಂಬಳಿಯ ಅಂಚು ಕೊಟ್ಟೆ ಎಂದವನೋ ಮುಂದೆ ಬಂದು ಅವನ ಎಲೆಯನ್ನು ಹಾಸುತ್ತಾನೆ. ಇದನ್ನು ವ್ಯಾಪಾರಿಯಿಂದ ಯಾರೂ ಮುಚ್ಚಿಟ್ಟಿರಲಿಲ್ಲ. ಹೇಳಬೇಕಾದ ವಿಷಯವೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಮೂವತ್ತು ಎಲೆಗಳು ಬಿದ್ದವು. ಕೊನೆಯಲ್ಲಿ ಯಜಮಾನ ವ್ಯಾಪಾರಿಯನ್ನು ತೋರಿಸಿ ಕೇಳಿದ. ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ಏನಾದರೂ ಹೇಳುವ ಆಸೆ. ಒಬ್ಬ ಬಾಯಿ ತೆರೆದು ಮುಚ್ಚಿದ. ಹೊರೆ ಹೊರುತ್ತೇನೆ ಎಂದು ಕೇಳಿದ್ದೆ, ಅವರು ಕೊಡಲಿಲ್ಲ ಎಂದು ಇನ್ನೊಬ್ಬ ನೆಲ ನೋಡಿದ. ಪಾಲಿನ ಮುಂದೆ ಅವರು ಸುಳ್ಳು ಹೇಳುವುದಿಲ್ಲ.

ವ್ಯಾಪಾರಿ ಗಡಿಬಿಡಿಯಿಂದ ಗಂಟು ಬಿಚ್ಚಿ ತನ್ನ ಬಾಳೆಯ ಎಲೆಯನ್ನು ತೆಗೆದ. "ಎಲೆ ನಾನೇ ತಂದಿದ್ದೀನಿ" ಎಂದ. ಬಾಡಿದ ಆ ಎಲೆಯನ್ನು ನೋಡಿ ಕೆಲವರು ನಕ್ಕರು. ಯಜಮಾನ ನಗಲಿಲ್ಲ.

"ನಿಮಗೆ ನಾವು ಏನೂ ಕೊಡೋಕಾಗ್ಲಿಲ್ಲ ಸಾವ್ಕಾರ್ರೆ. ನಮ್ಮ ಕೈಲಿ ಏನೂ ಮುಟ್ಟದೋರ ಎಲೆ ನಾವು ಹೆಂಗೆ ಹಾಕಾನ?" ಎಂದ. ಅವನ ದನಿಯಲ್ಲಿ ಬೇಸರವಿತ್ತು.

ವ್ಯಾಪಾರಿ ಎಲೆಯನ್ನು ಹಿಡಿದುಕೊಂಡೇ ಕೂತ. ತೊಳೆದಿಟ್ಟ ಅರೆಯುವ ಕಲ್ಲು ಅವನ ಕಣ್ಣಿಗೆ ಕಟ್ಟಿತು. ಅಳು ಬಂತು, ನುಂಗಿಕೊಂಡ.

ಇಳಿಯುವ ಮೊದಲು ಕಡವೆಯ ಹೊಟ್ಟೆಯೊಳಗಿನ ಮೆತ್ತನೆಯ ಈಲಿಯನ್ನು ಕೆಂಡದಲ್ಲಿ ಸುಟ್ಟು ಎಲ್ಲರೂ ಒಂದೊಂದು ತುಂಡು ತಿನ್ನುತ್ತಾರೆ. ಅದಕ್ಕೆ ಪಾಲಿನ ಲೆಕ್ಕವಿಲ್ಲ, ದಾರಿಹೋಕನಿಗೂ ಕೊಡುತ್ತಾರೆ. ವ್ಯಾಪಾರಿಗೂ ಒಂದು ತುಂಡು ಬಂತು. ಕೇತಣ್ಣ ಉಪ್ಪು ಹಿಡಿದು ಸಾಲಿನಲ್ಲಿ ನಡೆದ. ಕೈ ನೀಡಿದವರಿಗೆಲ್ಲ ಚಿಟಿಕೆ ಹಾಕಿದ. ವ್ಯಾಪಾರಿಯ ಹತ್ತಿರ ಬಂದು ಒಂದು ಗಳಿಗೆ ನಿಂತ. ವ್ಯಾಪಾರಿ ಕೈ ನೀಡಲಿಲ್ಲ. ಕೇತಣ್ಣ ಮುಂದೆ ಹೋದ.

ವ್ಯಾಪಾರಿ ಸಪ್ಪೆ ತುಂಡನ್ನು ಬಾಯಿಗಿಟ್ಟ. ಅಗಿದ. ಮತ್ತೆ ಅಗಿದ. ಅದು ಗಂಟಲಲ್ಲಿ ಇಳಿಯಲಿಲ್ಲ. ಹತ್ತು ವರ್ಷದಲ್ಲಿ ಆ ಊರಿನ ಅಷ್ಟೂ ಜನ ಅವನ ಮುಂದೆ ನಿಂತು ಅದು ಕೊಡಿ ಇದು ಕೊಡಿ ಎಂದಿದ್ದರು. ಅವನ ಬಾಯಲ್ಲಿ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ಆ ಮಾತು ಎಷ್ಟು ಭಾರ ಎಂಬುದು ಅವನಿಗೆ ಆಗ ಗೊತ್ತಾಯಿತು. ಅದರ ಮುಂದೆ ಅವನ ಎರಡು ಮಣದ ಗಂಟು ಹಗುರ.

"ಕೇತಣ್ಣಾ," ಎಂದು ಅವನು ಅಂಗೈ ಚಾಚಿದ. "ನನ್ನ ಉಪ್ಪು ನಿನ್ನೇನೇ ಹಳ್ಳದಲ್ಲಿ ಕರಗಿ ಹೋಯ್ತು. ಒಂದು ಚಿಟಿಕೆ ಕೊಡಪ್ಪಾ."

ಕೇತಣ್ಣ ಓಡಿ ಬಂದ. ಸೊಂಟದಿಂದ ಎಲೆಯ ಒಂದು ಪೊಟ್ಟಣವನ್ನು ತೆಗೆದ. "ನಿನ್ನೆ ಸಂಜೇನೇ ನಿಮ್ಮದು ಅಂತ ಬೇರೆ ಕಟ್ಟಿ ಇಟ್ಕಂಡಿವ್ನಿ. ನೀವು ಕೇಳ್ತಾನೇ ಇಲ್ವಲ್ಲ ಮಾರಾಯ್ರೆ!" ಎಂದು ಬೈದುಕೊಂಡೇ ಅವನ ಅಂಗೈಗೆ ಉಪ್ಪು ಸುರಿದ. ಆಮೇಲೆ ಯಜಮಾನನ ಕಡೆ ತಿರುಗಿ, ನಾನು ಕೊಟ್ಟೆ, ನಾನು ಕೊಟ್ಟೆ ಎಂದು ಬೆಟ್ಟವೆಲ್ಲ ಕೇಳುವ ಹಾಗೆ ಕೂಗಿದ. ತಂದಿದ್ದ ಎಲೆಗಳು ಮುಗಿದಿದ್ದವು. ಕೇತಣ್ಣ ವ್ಯಾಪಾರಿಯ ಕೈಯಿಂದ ಆ ಬಾಡಿದ ಎಲೆಯನ್ನೇ ಕಿತ್ತುಕೊಂಡು, ತನ್ನ ಕೈಯಾರೆ ಬಂಡೆಯ ಮೇಲೆ ಹಾಸಿದ. ಯಜಮಾನ ಮೂವತ್ತು ಪಾಲುಗಳಿಂದಲೂ ಒಂದೊಂದು ಹಿಡಿ ತೆಗೆದು ಅದರ ಮೇಲೆ ಇಟ್ಟ. ಈಗ ಯಜಮಾನನೂ ನಕ್ಕ.

ಇಳಿಯುವಾಗ ವ್ಯಾಪಾರಿಯ ಗಂಟನ್ನು ಏಳು ಜನ ಹಂಚಿಕೊಂಡು ಹೊತ್ತರು. ದಾರಿಯುದ್ದಕ್ಕೂ ಅವನ ಪಾತ್ರೆಯನ್ನು ಬಡಿದು ಅವನನ್ನು ಗೋಳು ಹೊಯ್ದುಕೊಂಡರು. ಇಷ್ಟು ದಿನ ಅವನನ್ನು ಯಾರೂ ಹಾಗೆ ಚುಡಾಯಿಸಿರಲಿಲ್ಲ. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಒಂದು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದಳು. ಮಸಾಲೆಗೆ ಚೂರು ಅರಿಶಿನ ಬೇಕಿತ್ತು ಎಂದು ಕೇಳಿದಳು. ಅಂಗಡಿಯಲ್ಲಿ ಅರಿಶಿನದ ಎರಡು ಮೂಟೆಗಳಿದ್ದವು. ಅದು ಪಕ್ಕದ ಮನೆಯವಳಿಗೂ ಗೊತ್ತಿತ್ತು. "ಬಾ ಅಕ್ಕ, ಕೂತ್ಕೋ" ಎಂದು ಅವಳು ಮಣೆ ಹಾಕಿದಳು.

ಗುರುಗಳು ಕತೆ ಮುಗಿಸಿದರು. ಅಚ್ಯುತ ನಗುತ್ತಿದ್ದ. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಲು ಕೈಹಾಕಿ, "ಅರ್ಥವಾಯಿತು ಗುರುಗಳೇ, ಹೊರೆ ಹೆಚ್ಚಾಯಿತು. ಯಾವುದನ್ನು ತೆಗೆಯಲಿ? ಹೊದಿಕೆಯೇ, ಪಾತ್ರೆಯೇ?" ಎಂದು ಕೇಳಿದ.

ಗುರುಗಳು ಎದ್ದು ನಿಂತು ಹೇಳಿದರು: "ಅವೆಲ್ಲ ನಿನ್ನ ಬೆನ್ನಿಗೆ ಬಿಟ್ಟದ್ದು, ಉಪ್ಪನ್ನು ಮಾತ್ರ ಇಲ್ಲಿಟ್ಟು ಹೋಗು."

ಅಚ್ಯುತನ ಕೈ ಕರಟದ ಮೇಲೆ ನಿಂತಿತು.