ಬಿಚ್ಚಿದ ಜೀಪಿಗೊಂದು ಪುಸ್ತಕ

ಹಳೆಯ ಜೀಪಿನ ರಿಪೇರಿಗೆ ಪುಸ್ತಕ ಕೊಳ್ಳುವವರು ಮೊದಲು ಜೀಪು ಯಾವುದು, ಯಾವ ವರ್ಷದ್ದು ಎಂದು ನೋಡಿಕೊಳ್ಳಬೇಕು. ಅದಕ್ಕೆ ಹೊಂದದ ಪುಸ್ತಕವನ್ನು ಪುಕ್ಕಟೆ ಕೊಟ್ಟರೂ ಮುಟ್ಟಬಾರದು. ನಿಯಮ ಇಷ್ಟೇ. ಇದನ್ನು ಪಾಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬೆಟ್ಟದ ಮೇಲಿನ ಹಟ್ಟಿಯ ಪುಟ್ಟತಾಯಮ್ಮನಿಗೆ ದುಂಡ ಅಂತೊಬ್ಬ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಆಕೆಯ ಗೋಳು. ಮನೆಯ ಜೀಪು ಕೆಮ್ಮಿ ಕೆಮ್ಮಿ ಅಂಗಳದಲ್ಲೇ ನಿಂತುಬಿಟ್ಟಿತ್ತು. ಗುರುವಾರ ಆಕೆಯ ತಮ್ಮ ಜವರಯ್ಯನ ಮಗಳು ಚೆಲುವಿಯ ಮದುವೆ. ಮದುಮಗಳು ಅದೇ ಜೀಪಿನಲ್ಲಿ ಬೆಟ್ಟ ಇಳಿದು ಪೇಟೆಯ ಛತ್ರ ಸೇರಬೇಕು.

"ಪುಸ್ತಕ ಒಂದಿದ್ರೆ ನೋಡ್ಕೊಂಡು ನಾನೇ ರಿಪೇರಿ ಮಾಡ್ತೀನಿ ಕಣಕ್ಕ," ಅಂದ ಜವರಯ್ಯ.

"ಹೋಗೋ ದುಂಡ! ಪೇಟೆಯಿಂದ ಒಂದೊಳ್ಳೆ ದಪ್ಪನೆ ಪುಸ್ತಕ ತಾ!" ಪುಟ್ಟತಾಯಮ್ಮ ಮಗನನ್ನು ಅಟ್ಟಿದಳು.

ಹೋದ. ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನೇ ಹೊತ್ತು ತಂದ. ತೆರೆದು ನೋಡಿದರೆ ನಿಘಂಟು!

"ಅಯ್ಯೋ ನನ್ನ ಕರ್ಮವೇ! ಒಳಗೆ ಗಾಡಿ ಚಿತ್ರ ಇರಬೇಕು ಕಣೋ!"

"ಆಗ್ಲಿ ಕಣವ್ವ."

ಹೋದ. ಚಿತ್ರ ಇದ್ದದ್ದನ್ನೇ ತಂದ. ತೆರೆದರೆ ಆನೆ ಎಳೆಯುವ ಗಾಡಿ, ಮೊಲ ಓಡಿಸುವ ಗಾಡಿ!

"ಮೊಲ ಬಂದು ನನ್ನ ಮಗಳನ್ನ ಕರ್ಕೊಂಡು ಹೋಯ್ತದೇನೋ?" ಜವರಯ್ಯ ಕೂಗಾಡಿದ. "ನಮ್ಮದು ಹಳೇ ಜೀಪು. ಹಳೇದು ಕೇಳೋ, ಹಳೇದು!"

"ಆಗ್ಲಿ ಮಾವ."

ಹೋದ. ಹಳೆಯದನ್ನೇ ತಂದ. ಗೆದ್ದಲು ತಿಂದ ಪಂಚಾಂಗ!

"ಮುಹೂರ್ತ ಎಲ್ಲಾ ಐತೆ ಮಾವ, ನೋಡು," ಅಂದ ದುಂಡ.

ಪುಟ್ಟತಾಯಮ್ಮ ಹಣೆ ಹಣೆ ಚಚ್ಚಿಕೊಂಡಳು. "ಲೋ, ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ಟಿದೆಯೋ! ನಮ್ಮ ಗಾಡಿ ಈಗ ಹೆಂಗೈತೋ ಪುಸ್ತಕದಲ್ಲೂ ಹಂಗೇ ಇರಬೇಕು. ಹೊಂದದಿದ್ರೆ ಪುಕ್ಕಟೆ ಕೊಟ್ರೂ ಮುಟ್ಟಬೇಡ!"

ಹೋದ. ಆಗ, ಅಷ್ಟು ಹೊತ್ತಿಗೆ, ಅಂಗಡಿಯವನಿಗೆ ಬುದ್ಧಿ ಬಂತು. "ಯಾವ ಜೀಪಯ್ಯ ನಿಂದು? ಎಂಜಿನ್ ಮೇಲೆ ನಂಬರು ಕೆತ್ತಿರ್ತಾರೆ. ಆ ನಂಬರು ತಂದು ತೋರಿಸು."

ದುಂಡ ಓಡೋಡಿ ಬಂದ. ದೊಡ್ಡವರೆಲ್ಲ ಜವರಯ್ಯನ ಮನೆಯಲ್ಲಿ ಮದುವೆ ಕೆಲಸದಲ್ಲಿದ್ದರು. ನಂಬರನ್ನು ಉಗುರಿನಿಂದ ಕೆರೆದ, ಬರಲಿಲ್ಲ. ಚಾಕುವಿನಿಂದ ಮೀಟಿದ, ಬರಲಿಲ್ಲ. ಎಷ್ಟಾದರೂ ಕಬ್ಬಿಣದಲ್ಲಿ ಕೆತ್ತಿದ್ದಲ್ಲವೇ! ನಟ್ಟು ಬೋಲ್ಟು ಬಿಚ್ಚಿದ, ಹುಣಸೆಮರಕ್ಕೆ ಹಗ್ಗ ಹಾಕಿದ, ಎಂಜಿನ್ನನ್ನೇ ಎತ್ತಿ ಎತ್ತಿನಗಾಡಿಗೆ ಇಳಿಸಿದ.

ಗುರುವಾರ ಬೆಳಿಗ್ಗೆ ಪುಟ್ಟತಾಯಮ್ಮ ಜೀಪಿನ ಖಾಲಿ ಹೊಟ್ಟೆ ನೋಡಿದಳು. ಅಳುವುದಕ್ಕೂ ಹೊತ್ತಿರಲಿಲ್ಲ. ಎಂಜಿನ್ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಚೆಲುವಿಯನ್ನು ಕೂರಿಸಿ, ಅಕ್ಕ ತಮ್ಮ ಆ ಕಡೆ ಈ ಕಡೆ ಹಿಡಿದುಕೊಂಡು ಬೆಟ್ಟ ಇಳಿದರು. ಧಾರೆಸೀರೆಗೆ ಗ್ರೀಸು ಮೆತ್ತಿತ್ತು, ನಿಜ. ಆದರೆ ಮುಹೂರ್ತ ತಪ್ಪಲಿಲ್ಲ.

ಧಾರೆ ಮುಗಿಯುತ್ತಲೇ ಗಾಡಿ ಪುಸ್ತಕದಂಗಡಿಗೆ ಬಂತು. ನಾಳೆ ಗಂಡು ಹೆಣ್ಣನ್ನು ಬೆಟ್ಟ ಹತ್ತಿಸುವುದಕ್ಕಾದರೂ ಜೀಪು ಬೇಕಲ್ಲ! ಅಂಗಡಿಯವನು ಕನ್ನಡಕ ಏರಿಸಿ ನಂಬರು ಓದಿದ, ಅಟ್ಟದಿಂದ ಒಂದು ಪುಸ್ತಕ ಇಳಿಸಿದ, ಧೂಳು ಕೊಡವಿದ. ಅದೇ ಜೀಪು! ಅದೇ ವರ್ಷ!

ಜವರಯ್ಯ ಕೈ ಮುಗಿದ. "ಸಿಕ್ತಲ್ಲಪ್ಪಾ!"

"ತಗೊಳ್ಳೋ ದುಂಡ, ತಗೋ!" ಅಂದಳು ಪುಟ್ಟತಾಯಮ್ಮ.

ದುಂಡ ಮೊದಲ ಪುಟ ತೆರೆದ. ಚಿತ್ರದಲ್ಲಿ ಜೀಪು, ಜೀಪಿನೊಳಗೆ ಎಂಜಿನ್. ತಿರುಗಿ ನೋಡಿದ. ಎತ್ತಿನಗಾಡಿ, ಗಾಡಿಯೊಳಗೆ ಎಂಜಿನ್. ಮತ್ತೆ ಚಿತ್ರ ನೋಡಿದ. ಮತ್ತೆ ಗಾಡಿ ನೋಡಿದ.

"ಹೊಂದಲ್ಲ ಕಣವ್ವ," ಅಂದವನೇ ಪುಸ್ತಕ ಮುಚ್ಚಿ, ತಾನೇ ಏಣಿ ಹತ್ತಿ, ಅಟ್ಟದ ಮೇಲೆ ಇದ್ದ ಜಾಗದಲ್ಲೇ ಇಟ್ಟು ಇಳಿದ.