ಎರಡು ಲೋಟ ಗದ್ದೆ ನೀರು

ಹುಲಿಗೆಮ್ಮ ಭತ್ತದ ಹೊಟ್ಟು ಸುಟ್ಟು ಇದ್ದಿಲು ಮಾಡಿ, ಅದನ್ನು ಗದ್ದೆಗೆ ಬೆರೆಸಿ ನಾಟಿ ಮಾಡಿದ್ದಳು. ಕಾಲುವೆ ಸಂಘದ ಅಧ್ಯಕ್ಷ ಶರಣೇಗೌಡರು ಅವಳನ್ನು ಚಾವಡಿಗೆ ಕರೆಸಿದರು.

"ನಿನ್ನ ಇದ್ದಿಲಿನಿಂದ ಹಳ್ಳದ ನೀರು ಕೆಡಾಕತ್ತೈತಿ. ಅಷ್ಟೂ ಆರಿಸಿ ತೆಗಿ. ಇಲ್ಲಂದ್ರ ನಿನ್ನ ಗದ್ದೆಗೆ ನೀರು ಬಂದ್."

ನೀರು ನಿಂತರೆ ಬೆಳೆ ಹೋದಂತೆಯೇ. ಮರುದಿನ ಹುಲಿಗೆಮ್ಮ ಚಾವಡಿಯಲ್ಲಿ ಎರಡು ಗಾಜಿನ ಲೋಟ ಇಟ್ಟಳು. ಒಂದರ ನೀರು ತಿಳಿಯಾಗಿತ್ತು. ಇನ್ನೊಂದು ಹಸಿರುಗಟ್ಟಿ ಗೊಬ್ಬರದ ವಾಸನೆ ಹೊಡೆಯುತ್ತಿತ್ತು.

"ಎರಡು ಗದ್ದೆಯಿಂದ ಹಳ್ಳಕ್ಕ ಇಳಿಯೋ ನೀರು, ಗೌಡ್ರ. ಕಾಲುವೆ ನೀರು ಬಿಡೋ ನಿಮ್ಮ ನೀರುಗಂಟೀನ ತುಂಬಿ ಕೊಟ್ಟಾನ. ಕೆಟ್ಟದ್ದು ಯಾವುದು ಹೇಳ್ರಿ."

ಗೌಡರು ಹಸಿರು ಲೋಟ ತೋರಿಸಿದರು. "ಈ ಗದ್ದೆಗೆ ನೀರು ಇವತ್ತ ಬಂದ್."

"ಅದು ನಿಮ್ಮ ಗದ್ದೆದು ರೀ. ನನ್ನ ಗದ್ದ್ಯಾಗ ಗೊಬ್ಬರಾನ ಇದ್ದಿಲು ಹಿಡಕೊಂತೈತಿ, ಹರಿದು ಹೋಗಾಕ ಬಿಡಂಗಿಲ್ಲ."

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಗೌಡರು ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು: "ಹೊಟ್ಟು ಬೂದಿ ಆಗದಂಗ ಹ್ಯಾಂಗ ಸುಡತೀಯವ್ವ?"