ಶೆರೀಫನ ಕುದುರೆ

“ಆಜ್ಞೆ ಮೇಲಿನಿಂದ ಬರುತ್ತದೆ, ಕೆಲಸವನ್ನು ಕೆಳಗಿನವರು ಮಾಡುತ್ತಾರೆ. ನಡುವೆ ನಿಂತು ಸಹಿ ಹಾಕುವವನಿಗೆ ಪಾಪ ತಟ್ಟುತ್ತದೆಯೇ, ಗುರುಗಳೇ?”

ಕೇಳಿದವನು ಹಾಲಪ್ಪ, ಆ ತಾಲ್ಲೂಕಿನ ತಹಶೀಲ್ದಾರ. ಕೆರೆ ಏರಿಯ ಕೆಳಗೆ ಗುಡಿಸಲು ಹಾಕಿಕೊಂಡಿದ್ದ ಬುಟ್ಟಿ ಹೆಣೆಯುವವರನ್ನು ಮರುದಿನ ಎಬ್ಬಿಸಬೇಕೆಂದು ಅವನಿಗೆ ಆದೇಶ ಬಂದಿತ್ತು. ಅವರಿಗೆ ಬೇರೆ ಜಾಗ ಯಾರೂ ತೋರಿಸಿರಲಿಲ್ಲ. ಗುರುಗಳು ಮಠಕ್ಕೆ ಬರುವ ಮೊದಲು ಕಾಲೇಜಿನಲ್ಲಿ ಇಂಗ್ಲೆಂಡಿನ ಚರಿತ್ರೆ ಕಲಿಸುತ್ತಿದ್ದವರು. ಹಾಲಪ್ಪ ಆಗಿನಿಂದಲೂ ಅವರ ಶಿಷ್ಯ. ಪ್ರಶ್ನೆ ಕೇಳಿ ಅವರ ಮುಖ ಕೆಂಪಾಯಿತು. ಸಮಾಧಾನ ಹೇಳಿಸಿಕೊಳ್ಳಲು ಬಂದಿದ್ದೀಯ, ಅದು ನನ್ನಲ್ಲಿಲ್ಲ, ಕತೆಯೊಂದಿದೆ ಕೇಳು ಎಂದು ಶುರುಮಾಡಿದರು.

ನಮ್ಮಲ್ಲಿ ಜಿಲ್ಲೆ ಇರುವ ಹಾಗೆ ಇಂಗ್ಲೆಂಡಿನಲ್ಲಿ ಕೌಂಟಿ. ಪ್ರತಿ ಕೌಂಟಿಗೂ ರಾಜನ ಪರವಾಗಿ ಒಬ್ಬ ಶೆರೀಫ್. ಬಹಳ ಹಳೆಯ ಹುದ್ದೆ. ಮೊದಮೊದಲು ಎಲ್ಲವೂ ಅವನೇ. ಕಂದಾಯ ಎತ್ತುವವನು, ದಂಡು ಕೂಡಿಸುವವನು, ಕಳ್ಳನನ್ನು ಹಿಡಿಯುವವನು, ನ್ಯಾಯಕ್ಕೆ ಕೂರುವವನು, ನೇಣಿಗೆ ಹಾಕಿಸುವವನು. ಅವನ ಹೆಸರೆತ್ತಿದರೆ ಜನ ನಡುಗುತ್ತಿದ್ದರು. ಕೊನೆಗೆ ರಾಜರಿಗೇ ಅವನನ್ನು ಕಂಡರೆ ಹೆದರಿಕೆಯಾಯಿತು. ಅಧಿಕಾರವನ್ನು ಒಂದೊಂದಾಗಿ ಕಿತ್ತುಕೊಂಡರು. ಕಂದಾಯ ಬೇರೆಯವರ ಪಾಲಾಯಿತು, ದಂಡು ಬೇರೆಯವರ ಪಾಲಾಯಿತು, ನ್ಯಾಯ ಹೇಳಲು ರಾಜಧಾನಿಯಿಂದ ನ್ಯಾಯಾಧೀಶರು ಬರತೊಡಗಿದರು. ನೇಣು ಮಾತ್ರ ಶೆರೀಫನ ಬಳಿಯೇ ಉಳಿಯಿತು. ಅದನ್ನು ಬೇಕೆಂದು ಯಾರೂ ಕೇಳಲಿಲ್ಲ.

ಆಮೇಲೆ ಈ ಹುದ್ದೆ ಒಂದು ವರ್ಷದ ಮಟ್ಟಿನದಾಯಿತು. ಕೌಂಟಿಯ ದೊಡ್ಡ ಜಮೀನ್ದಾರರ ಹೆಸರುಗಳನ್ನು ಬರೆದು ರಾಜನ ಮುಂದೆ ಹಿಡಿಯುತ್ತಿದ್ದರು. ರಾಜ ಒಂದು ದಬ್ಬಳ ಹಿಡಿದು ಒಂದು ಹೆಸರಿನ ಮೇಲೆ ಚುಚ್ಚುತ್ತಿದ್ದ. ಯಾವ ಹೆಸರಿಗೆ ತೂತು ಬಿತ್ತೋ ಅವನೇ ಆ ವರ್ಷದ ಶೆರೀಫ್. ಬೇಡ ಎನ್ನುವ ಹಾಗಿರಲಿಲ್ಲ. ತೂತು ಬಿದ್ದವನು ಒಬ್ಬ ಉಪಶೆರೀಫನನ್ನು ಇಟ್ಟುಕೊಂಡು ಕೆಲಸವನ್ನೆಲ್ಲ ಅವನ ತಲೆಗೆ ಕಟ್ಟಿ, ತಾನು ಕತ್ತಿ ಕಟ್ಟಿಕೊಂಡು ತಿರುಗುತ್ತಿದ್ದ.

ಹೀಗೆ ಒಂದು ವರ್ಷ ಒಬ್ಬ ಜಮೀನ್ದಾರ ಶೆರೀಫನಾದ. ಕೆಟ್ಟವನಲ್ಲ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೋ. ಆಳುಗಳಿಗೆ ಬೈಯುತ್ತಿರಲಿಲ್ಲ, ಪ್ರಾರ್ಥನೆ ತಪ್ಪಿಸುತ್ತಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ಆಸೆ, ತನ್ನ ವರ್ಷ ಗಲಾಟೆಯಿಲ್ಲದೆ ಕಳೆಯಬೇಕು. ನ್ಯಾಯಾಧೀಶ ಕೌಂಟಿಗೆ ಬಂದಾಗ ಯಾರಿಗೂ ಮರಣದಂಡನೆ ಆಗದೆ ಹೋದರೆ ಶೆರೀಫ್ ಅವನಿಗೆ ಬಿಳಿಯ ಕೈಗವಸುಗಳನ್ನು ಕೊಡುವ ಪದ್ಧತಿಯಿತ್ತು. ನಮ್ಮ ಜಮೀನ್ದಾರ ಮೊದಲೇ ಕೈಗವಸು ಹೊಲಿಸಿಟ್ಟುಕೊಂಡಿದ್ದ.

ಆದರೆ ಆ ಸಲ ಇಬ್ಬರಿಗೆ ಮರಣದಂಡನೆಯಾಯಿತು. ಒಬ್ಬ ದಾರಿಗಳ್ಳ. ಮುದುಕನೊಬ್ಬನನ್ನು ಹೊಡೆದು ಕೈ ಮುರಿದು ದೋಚಿದ್ದ. ಇನ್ನೊಬ್ಬ ಕೂಲಿಗೆ ಕುರಿ ಕಾಯುವವನು. ಧಣಿಯ ಕುರಿಯೊಂದು ಕಂದಕಕ್ಕೆ ಬಿದ್ದು ಕಾಲು ಮುರಿದುಕೊಂಡು ಒದ್ದಾಡುತ್ತಿತ್ತು. ಕಾಯುವವರು ಯಾರಾದರೂ ಮಾಡುವ ಹಾಗೆ ಅದನ್ನು ಕೊಂದು ನೋವು ಕಳೆದ. ಸತ್ತ ಕುರಿಯ ಗುರುತು ಹಾಕಿದ ಕಿವಿಯನ್ನು ಮೊದಲು ಧಣಿಗೆ ತೋರಿಸಬೇಕು, ಆಮೇಲೆ ಮಾಂಸದ ಮಾತು. ಇವನು ಮೊದಲು ಉಂಡ, ಕಿವಿಯನ್ನು ಬೆಳಗ್ಗೆ ಕೊಂಡೊಯ್ದ. ಧಣಿ ಕಳ್ಳತನ ಎಂದ. ಅಂದಿನ ಕಾನೂನಿನಲ್ಲಿ ಕುರಿ ಕದ್ದವನಿಗೂ ನೇಣೇ. ಇವರ ಕಾನೂನಿಗಿಷ್ಟು ಬೆಂಕಿ ಹಾಕ. ಶೆರೀಫ್ ನಿಟ್ಟುಸಿರು ಬಿಟ್ಟ. ಪ್ರಾಣವೊಂದು ಹೋಗುತ್ತಿದೆಯಲ್ಲ ಎಂದಲ್ಲ, ಕೈಗವಸು ಪೆಟ್ಟಿಗೆಯಲ್ಲೇ ಉಳಿಯಿತಲ್ಲ ಎಂದು.

ಈಗ ಇನ್ನೊಂದು ಪದ್ಧತಿ ಕೇಳು. ನ್ಯಾಯಾಧೀಶನನ್ನು ಕೌಂಟಿಯ ಗಡಿಯಲ್ಲಿ ಎದುರುಗೊಂಡು ಕರೆತರುವವನು ಶೆರೀಫ್, ಕೆಲಸ ಮುಗಿದ ಮೇಲೆ ಗಡಿಯವರೆಗೆ ಬಿಟ್ಟು ಬರುವವನೂ ಅವನೇ. ಕೌಂಟಿ ದಾಟುವ ಮೊದಲು ನ್ಯಾಯಾಧೀಶ ಮನಸ್ಸು ಮಾಡಿದರೆ ತಾನೇ ಕೊಟ್ಟ ಮರಣದಂಡನೆಯನ್ನು ಇಳಿಸಬಹುದಿತ್ತು. ಎಷ್ಟೋ ಸಲ ಇಳಿಸುತ್ತಲೂ ಇದ್ದರು. ನಮ್ಮ ಶೆರೀಫ್ ಅದೇ ಸಾರೋಟಿನಲ್ಲಿ, ಅವನ ಮಗ್ಗುಲಲ್ಲಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಗಡಿಯವರೆಗೆ ಹೋದ. ನರಿ ಬೇಟೆಯ ಮಾತಾಡಿದ. ಹೊಸ ನಾಯಿಗಳ ಮಾತಾಡಿದ. ಕುರಿ ಕಾಯುವವನ ಮಾತು ಎರಡು ಸಲ ನಾಲಿಗೆಯ ತುದಿಗೆ ಬಂತು. ದೊಡ್ಡವರ ತೀರ್ಪಿನ ವಿಷಯ ತೆಗೆಯುವುದು ಮರ್ಯಾದೆಯಲ್ಲ ಎಂದು ನುಂಗಿಕೊಂಡ. ನ್ಯಾಯಾಧೀಶನಿಗೆ ಕಾಲು ಬಾವು. ಗಡಿಯ ಛತ್ರದಲ್ಲಿ ಮರುದಿನದವರೆಗೆ ತಂಗುತ್ತೇನೆ ಎಂದ. ಶೆರೀಫ್ ಬಾಗಿ ನಮಸ್ಕರಿಸಿ ತಿರುಗಿ ಬಂದ.

ಬಂದವನಿಗೆ ಉಪಶೆರೀಫ್ ಸುದ್ದಿ ಹೇಳಿದ. ನೇಣು ಹಾಕುವವನು ಕಾಲಿಗೆ ಬುದ್ಧಿ ಹೇಳಿದ್ದಾನೆ. ಸುತ್ತಮುತ್ತಲ ಊರುಗಳಲ್ಲಿ ಬೇರೆ ಯಾರೂ ಒಪ್ಪುತ್ತಿಲ್ಲ. ಆಳು ಸಿಗದಿದ್ದರೆ ಕಾನೂನಿನ ಪ್ರಕಾರ ಹಗ್ಗ ಎಳೆಯಬೇಕಾದವನು ಶೆರೀಫನೇ.

ಆಗ ನೋಡು, ಅಲ್ಲಿಯವರೆಗೆ ನೆಮ್ಮದಿಯಾಗಿ ಉಂಡವನಿಗೆ ಅನ್ನ ಸೇರಲಿಲ್ಲ. ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ತಾನಾಗಿಯೇ ಸೆರೆಮನೆಗೆ ನಡೆದ. ಅಲ್ಲಿಯವರೆಗೆ ಅವನು ಅದರ ಹೊಸ್ತಿಲು ತುಳಿದಿರಲಿಲ್ಲ. ಕುರಿ ಕಾಯುವವನ ಕೋಣೆಯನ್ನು ದಾಟಿಕೊಂಡು ದಾರಿಗಳ್ಳನ ಹತ್ತಿರ ಹೋದ. ಕುರಿ ಕಾಯುವವನನ್ನು ನೀನು ನೇಣಿಗೆ ಹಾಕಿದರೆ ನಿನ್ನ ಜೀವ ಉಳಿಸಿಕೊಡುತ್ತೇನೆ ಎಂದ. ಕಳ್ಳ ಆಗಲಿ ಎಂದ. ಶೆರೀಫ್ ತನ್ನ ಒಳ್ಳೆಯ ಕುದುರೆಯನ್ನೇ ಕೊಟ್ಟು ಸವಾರನನ್ನು ಛತ್ರಕ್ಕೆ ಓಡಿಸಿದ. ದಾರಿಗಳ್ಳನ ತಲೆ ಉಳಿಸಿಕೊಡಬೇಕೆಂದು ಪತ್ರದಲ್ಲಿ ಬೇಡಿಕೊಂಡ. ನ್ಯಾಯಾಧೀಶ ಕಾಲು ನೀವಿಕೊಳ್ಳುತ್ತ ಓದಿದ, ಯಾಕೆ ಎನ್ನಲೂ ಇಲ್ಲ, ಒಪ್ಪಿ ಸಹಿ ಹಾಕಿ ಕಳಿಸಿದ. ಮರ್ಯಾದೆಗೆ ಅಂಜಿ ಬಾಯಿ ಕಟ್ಟಿಕೊಂಡಿದ್ದವನಿಗೆ ಈಗ ಮರ್ಯಾದೆ ಅಡ್ಡ ಬರಲಿಲ್ಲ. ಯಾಕೆಂದರೆ ಈಗ ಅವನು ಕೇಳಿದ್ದು ತನಗಾಗಿ.

ಕುರಿ ಕಾಯುವವನು ಸೆರೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದ. ಕುದುರೆ ನಾಗಾಲೋಟದಲ್ಲಿ ಹೋದದ್ದನ್ನು ನೋಡಿದ್ದ. ನೊರೆ ಕಾರುತ್ತ ತಿರುಗಿ ಬಂದದ್ದನ್ನೂ ನೋಡಿದ್ದ. ಶೆರೀಫ್ ಆ ಕಾಗದ ಹಿಡಿದು ಅವನ ಕೋಣೆಯ ಬಾಗಿಲ ಮುಂದೆ ಹಾದಾಗ ಎದ್ದು ನಿಂತು ಕೇಳಿದ:

“ಒಡೆಯಾ, ಆ ಕುದುರೆ ನನಗಾಗಿ ಹೋಗಿತ್ತೇ?”

“ನಿನಗಾಗಿ ಅಲ್ಲ.”

ಕುರಿ ಕಾಯುವವನು ಬಾಗಿಲ ಹತ್ತಿರಕ್ಕೆ ಬಂದ. ಆಮೇಲೆ ಮೆಲ್ಲಗೆ ಕೇಳಿದ:

“ಹಾಗಾದರೆ, ಕೇಳಿದರೆ ಕೊಡುತ್ತಿದ್ದರೇ?”

ಶೆರೀಫ್ ತಿರುಗಿ ಹೊರಗೆ ಬಂದ. ಕೇಳಿದರೆ ಕೊಡುತ್ತಾರೆ ಎಂದು ಅವನಿಗೆ ಈಗ ಗೊತ್ತಿತ್ತು. ನ್ಯಾಯಾಧೀಶ ಇನ್ನೂ ಛತ್ರದಲ್ಲೇ ಇದ್ದ. ಲಾಯದಲ್ಲಿ ಇನ್ನೂ ಕುದುರೆಗಳಿದ್ದವು. ಒಂದೇ ದಿನ ಎರಡು ಸಲ ಕೇಳಿದರೆ ದೊಡ್ಡವರು ಏನೆಂದುಕೊಂಡಾರು ಎಂದು ಅವನು ಯೋಚಿಸಿದ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಒಬ್ಬನ ಜೀವ ತಕ್ಕಡಿಯ ಒಂದು ತಟ್ಟೆಯಲ್ಲಿ, ಇವನ ಸಂಕೋಚ ಇನ್ನೊಂದರಲ್ಲಿ. ತೂಕ ಸಂಕೋಚದ್ದೇ ಹೆಚ್ಚಾಯಿತು!

ಮರುದಿನ ದಾರಿಗಳ್ಳ ನೇಣು ಬಿಗಿದ. ಅವನಿಗೆ ಆ ಕೆಲಸ ಬರುತ್ತಿರಲಿಲ್ಲ. ಜೀವ ಹೋಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಶೆರೀಫ್ ಕಾನೂನಿನಂತೆ ಹುದ್ದೆಯ ಗುರುತಾದ ಬಿಳಿಯ ಕೋಲು ಹಿಡಿದು ಎದುರಿಗೆ ನಿಂತಿದ್ದ. ಅಷ್ಟು ಹೊತ್ತೂ ತನ್ನ ಬೂಟನ್ನು ನೋಡುತ್ತಿದ್ದ. ವರ್ಷ ಮುಗಿಯಿತು, ರಾಜ ಬೇರೊಂದು ಹೆಸರಿಗೆ ತೂತು ಹಾಕಿದ. ನಮ್ಮವನು ಮನೆಗೆ ಹೋಗಿ, ತಾನು ಯಾರಿಗೂ ಕೈ ಸೋಕಿಸಲಿಲ್ಲ ಎಂದು ಸಾಯುವವರೆಗೂ ಹೇಳಿಕೊಂಡ. ಅದು ನಿಜವೂ ಹೌದು.

ಆಮೇಲೆ ಆ ದೇಶದಲ್ಲಿ ನೇಣೂ ಹೋಯಿತು. ಶೆರೀಫ್ ಈಗಲೂ ಇದ್ದಾನೆ. ಮಖಮಲ್ಲಿನ ಕೋಟು ಹಾಕಿ, ಕತ್ತಿ ಕಟ್ಟಿಕೊಂಡು ಸಮಾರಂಭಗಳಿಗೆ ಹೋಗುತ್ತಾನೆ. ಅವನ ಕೈಯಲ್ಲಿ ಅಧಿಕಾರ ಹೆಚ್ಚೇನೂ ಉಳಿದಿಲ್ಲ. ಅಧಿಕಾರ ಇದ್ದಾಗ ಅವನ ಹಿಂದಿನವನೊಬ್ಬ ಅದನ್ನು ಯಾರಿಗಾಗಿ ಬಳಸಿದ ಎಂದು ನಿನಗೆ ಹೇಳಿದೆ.

ಗುರುಗಳು ಮಾತು ನಿಲ್ಲಿಸಿದರು. ಹಾಲಪ್ಪ ತಲೆ ತಗ್ಗಿಸಿದ್ದ. ಆ ಶೆರೀಫನಿಗೆ ಕರುಣೆಯೇ ಇರಲಿಲ್ಲ ಎಂದು ಗೊಣಗಿದ. ಕರುಣೆ ಬೇಕಾದಷ್ಟಿತ್ತು, ಬಾಯಿ ಇರಲಿಲ್ಲ ಎಂದರು ಗುರುಗಳು. ನಿನಗೆ ಆದೇಶ ಕೊಟ್ಟವರು ಈಗ ಎಲ್ಲಿದ್ದಾರೆ ಎಂದು ಕೇಳಿದರು.

“ಪ್ರವಾಸಿ ಮಂದಿರದಲ್ಲಿದ್ದಾರೆ, ಗುರುಗಳೇ. ಊಟ ಮುಗಿಸಿ ಹೊರಡುತ್ತಾರೆ.”

“ಮತ್ತೆ ನನ್ನ ಮುಂದೆ ಯಾಕೆ ಕೂತಿದ್ದೀಯ?”